ಹುಳುವಿಲ್ಲದೆ ರೇಷ್ಮೆ ಎಳೆದ ಶಾರ್ಡೊನೆ: ಜೇಡದ ನೂಲಿನ ಫಾರ್ವರ್ಡ್ ನಂಬುವ ಮೊದಲು ಈ ಕಥೆ ಓದಿ

ಜೇಡದ ನೂಲು ಉಕ್ಕಿಗಿಂತ ಐದು ಪಟ್ಟು ಗಟ್ಟಿ. ವಿಜ್ಞಾನಿಗಳು ಅದನ್ನು ಲ್ಯಾಬ್‌ನಲ್ಲೇ ತಯಾರಿಸಿಬಿಟ್ಟಿದ್ದಾರೆ. ಇನ್ನು ಗುಂಡು ತೂರದ ಅಂಗಿ, ಹರಿಯದ ಸೀರೆ ಎಲ್ಲವೂ ಅದರಿಂದಲೇ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಅವಸರವಿದೆ. ಯಾವುದು ಎಷ್ಟು ಎಂದು ತಿಳಿಯಬೇಕಾದರೆ ಸುಮಾರು 140 ವರ್ಷ ಹಿಂದೆ, ಹುಳುವನ್ನೇ ಸಾಕದೆ ರೇಷ್ಮೆಯಂಥ ಎಳೆ ತೆಗೆದು ಮಾರುಕಟ್ಟೆಗೆ ತಂದ ಒಬ್ಬ ಫ್ರೆಂಚ್ ಎಂಜಿನಿಯರ್‌ನ ಬದುಕನ್ನು ನೋಡಬೇಕು. ಅವರ ಹೆಸರು ಇಲೇರ್ ದ ಶಾರ್ಡೊನೆ.

ನಮ್ಮ ಸೀರೆಗೂ ಅವರಿಗೂ ಏನು ಸಂಬಂಧ?

ಹತ್ತರಗಿ ಟೋಲ್ ದಾಟಿ ಹೆದ್ದಾರಿಯಲ್ಲಿ ಬೆಳಗಾವಿ ಕಡೆ ಹೋದರೆ ವಡಗಾವಿ, ಖಾಸಬಾಗಗಳಲ್ಲಿ ಮಗ್ಗದ ಸದ್ದು ಕೇಳುತ್ತದೆ. ಅಲ್ಲಿ ನೇಯುವ ಸೀರೆಗಳಲ್ಲಿ ಆರ್ಟ್ ಸಿಲ್ಕ್ ಸೀರೆಗಳೂ ಇವೆ. ಇಳಕಲ್ ಸೀರೆಯ ಸೆರಗಿಗೂ ಎಷ್ಟೋ ಕಡೆ ಅಸಲಿ ರೇಷ್ಮೆಯ ಬದಲು ಆರ್ಟ್ ಸಿಲ್ಕ್ ಬಳಸುತ್ತಾರೆ. ಆರ್ಟ್ ಎಂದರೆ ಕಲೆ, ಹಾಗಾಗಿ ಇದು ಕಲಾತ್ಮಕ ರೇಷ್ಮೆ ಎಂದು ತಿಳಿದವರಿದ್ದಾರೆ. ಅದು ತಪ್ಪು. ಆರ್ಟಿಫಿಶಿಯಲ್ ಎಂಬ ಪದವನ್ನು ಮೊಟಕು ಮಾಡಿದರೆ ಆರ್ಟ್. ಅಂದರೆ ಇದು ಕೃತಕ ರೇಷ್ಮೆ. ಆ ಕೃತಕ ರೇಷ್ಮೆಯನ್ನು ಕಾರ್ಖಾನೆಯ ಸರಕನ್ನಾಗಿ ಮಾಡಿದವರೇ ಶಾರ್ಡೊನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನೂಲುವುದು ಎಂದರೆ ನಮಗೆ ನೆನಪಾಗುವುದು ಹತ್ತಿ. ಗೋಕಾಕ ಫಾಲ್ಸ್‌ನ ಗಿರಣಿ 1887ರಿಂದ ಮಾಡಿದ್ದು ಇದನ್ನೇ: ಹತ್ತಿಯ ಗಿಡ್ಡ ಗಿಡ್ಡ ನಾರುಗಳನ್ನು ಎಳೆದು, ಹುರಿ ಹಾಕಿ ಉದ್ದದ ನೂಲು ಮಾಡುವುದು. ರೇಷ್ಮೆ ಹಾಗಲ್ಲ. ಹುಳುವಿನ ಹೊಟ್ಟೆಯಲ್ಲಿ ಅದು ಅಂಟು ದ್ರವವಾಗಿರುತ್ತದೆ. ಬಾಯಿಯ ಕೆಳಗಿನ ಸಣ್ಣ ತೂತಿನಿಂದ ಹೊರಬಂದು ಗಟ್ಟಿಯಾಗಿ ನೂರಾರು ಮೀಟರ್ ಉದ್ದದ ಒಂದೇ ಎಳೆಯಾಗುತ್ತದೆ. ಜೇಡದ್ದೂ ಇದೇ ದಾರಿ, ತೂತು ಮಾತ್ರ ಹೊಟ್ಟೆಯ ಹಿಂಬದಿಯಲ್ಲಿ. ಅಂದರೆ ಹತ್ತಿಯಲ್ಲಿ ಹುರಿ ಮುಖ್ಯ, ರೇಷ್ಮೆಯಲ್ಲಿ ದ್ರವ ಎಳೆಯಾಗುವ ಗಳಿಗೆ ಮುಖ್ಯ. ಶಾರ್ಡೊನೆ ಬದುಕಿನ ಬಹುಪಾಲು ಕಳೆದದ್ದು ಆ ಗಳಿಗೆಯ ಹಿಂದೆಯೇ.

ರೋಗ ಬಂದ ಕಾಲ

ಶಾರ್ಡೊನೆ ಹುಟ್ಟಿದ್ದು 1839ರ ಮೇ 1ರಂದು, ಪೂರ್ವ ಫ್ರಾನ್ಸಿನ ಬೆಸಾನ್ಸೋ ಊರಿನಲ್ಲಿ. ಮನೆತನ ದೊಡ್ಡದು, ಕೌಂಟ್ ಎಂಬ ಪದವಿ ಇದ್ದ ಕುಟುಂಬ. ಪ್ಯಾರಿಸ್‌ನ ಹೆಸರಾಂತ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಿದರು. ದುಡಿದೇ ಬದುಕಬೇಕೆಂಬ ಒತ್ತಡವಿರಲಿಲ್ಲ. ಆದರೂ ಸುಮ್ಮನೆ ಕೂತವರಲ್ಲ. ಅತಿನೇರಳೆ ಬೆಳಕು, ಟೆಲಿಫೋನ್, ಹಕ್ಕಿಗಳ ಕಣ್ಣು ಹೀಗೆ ಹತ್ತಾರು ವಿಷಯಗಳ ಬೆನ್ನು ಹತ್ತಿದರು.

ಅವರ ಹರೆಯದಲ್ಲಿ ಫ್ರಾನ್ಸಿನ ರೇಷ್ಮೆಗೆ ದೊಡ್ಡ ಪೆಟ್ಟು ಬಿತ್ತು. ಹುಳುಗಳ ಮೈಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಎದ್ದು, ಗೂಡು ಕಟ್ಟದೆಯೇ ಸಾಯತೊಡಗಿದವು. ಇದೇ ಪೆಬ್ರಿನ್, ನಮ್ಮ ರೇಷ್ಮೆ ಬೆಳೆಗಾರರು ಗಂಟುರೋಗ ಎನ್ನುವುದು. 1853ರಲ್ಲಿ ಸುಮಾರು 26,000 ಟನ್ ಇದ್ದ ಫ್ರಾನ್ಸಿನ ಗೂಡಿನ ಇಳುವರಿ 1865ರ ಹೊತ್ತಿಗೆ ಸುಮಾರು 4,000 ಟನ್ನಿಗೆ ಕುಸಿಯಿತು. ಊರಿಗೆ ಊರೇ ಸಾಲಕ್ಕೆ ಬಿತ್ತು.

ಸರ್ಕಾರ ಲೂಯಿ ಪಾಶ್ಚರ್ ಅವರನ್ನು ಕಳಿಸಿತು. ಪಾಶ್ಚರ್ ಅದುವರೆಗೆ ರೇಷ್ಮೆ ಹುಳುವನ್ನು ಕೈಯಲ್ಲಿ ಹಿಡಿದವರೂ ಅಲ್ಲ. ವರ್ಷಗಟ್ಟಲೆ ಕೆಲಸ ಮಾಡಿ ಅವರು ಕಂಡುಕೊಂಡ ಉಪಾಯ ಸರಳ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡು. ಇಂದಿಗೂ ಕರ್ನಾಟಕದ ರೇಷ್ಮೆ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುವುದು ಇದೇ ತತ್ವದ ಮೇಲೆ.

ಶಾರ್ಡೊನೆ ಈ ಕೆಲಸದಲ್ಲಿ ಪಾಶ್ಚರ್ ಅವರ ಸಹಾಯಕರಾಗಿದ್ದರು ಎಂದು ಹಲವು ಕಡೆ ಬರೆಯಲಾಗಿದೆ. ಅವರ ಪ್ರಶ್ನೆ ಮಾತ್ರ ಪಾಶ್ಚರ್ ಅವರ ಪ್ರಶ್ನೆಗಿಂತ ಬೇರೆಯಾಗಿತ್ತು. ಪಾಶ್ಚರ್ ಹುಳುವನ್ನು ಉಳಿಸುವ ದಾರಿ ಹುಡುಕಿದರು. ಶಾರ್ಡೊನೆ ಹುಳುವೇ ಬೇಡವಾಗುವ ದಾರಿ ಹುಡುಕಿದರು.

ಜೇಡದ ಕಾಲುಚೀಲ, ಶಾವಿಗೆಯ ಉಪಾಯ

ಈ ಯೋಚನೆ ಮೊದಲು ಬಂದದ್ದು ಶಾರ್ಡೊನೆಗಲ್ಲ. 1665ರಲ್ಲೇ ಇಂಗ್ಲೆಂಡಿನ ರಾಬರ್ಟ್ ಹುಕ್, ಅಂಟು ದ್ರವದಿಂದ ಹುಳುವಿನಂತೆ ಎಳೆ ತೆಗೆಯಬಹುದೆಂದು ಬರೆದಿದ್ದರು.

ಜೇಡವೂ ಈ ಕಥೆಯಲ್ಲಿ ಬೇಗನೇ ಬಂತು. 1709ರ ಸುಮಾರಿಗೆ ಫ್ರಾನ್ಸಿನ ಬೋನ್ ಎಂಬುವರು ಜೇಡದ ಮೊಟ್ಟೆಚೀಲದ ನೂಲಿನಿಂದ ಕೈಗವಸು, ಕಾಲುಚೀಲ ಮಾಡಿಸಿ ವಿಜ್ಞಾನಿಗಳ ಮುಂದಿಟ್ಟರು. ಇದನ್ನು ಉದ್ಯಮ ಮಾಡಬಹುದೇ ಎಂದು ಪರೀಕ್ಷಿಸುವ ಕೆಲಸ ರೆಯೋಮ್ಯೂರ್ ಎಂಬ ವಿಜ್ಞಾನಿಯ ಪಾಲಿಗೆ ಬಂತು. ಅವರ ಉತ್ತರ, ಆಗದು. ಕಾರಣ, ಜೇಡಗಳನ್ನು ಒಟ್ಟಿಗೆ ಸಾಕಿದರೆ ಒಂದನ್ನೊಂದು ತಿನ್ನುತ್ತವೆ. ರೇಷ್ಮೆ ಹುಳು ತಟ್ಟೆಯಲ್ಲಿ ಸಾವಿರಗಟ್ಟಲೆ ಒಟ್ಟಿಗೆ ಮೇಯುತ್ತದೆ, ಜೇಡ ಮೇಯುವುದಿಲ್ಲ. ಈ ಅಡ್ಡಿ ಇಂದಿಗೂ ಹಾಗೇ ಇದೆ. ಮಡಗಾಸ್ಕರ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಾಡು ಜೇಡಗಳನ್ನು ಹಿಡಿದು, ಎಳೆ ತೆಗೆದು, ಮತ್ತೆ ಬಿಟ್ಟು ನೇಯ್ದ ಬಂಗಾರ ಬಣ್ಣದ ಮೇಲಂಗಿ 2012ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂತು. ಅದು ನೋಡಲು ಚೆಂದ, ಅಂಗಡಿಯಲ್ಲಿ ಮಾರುವ ಸರಕಲ್ಲ.

ಮುಂದೆ ಇದೇ ರೆಯೋಮ್ಯೂರ್, ಅಂಟು ಇಲ್ಲವೇ ವಾರ್ನಿಷ್‌ನಂಥ ದ್ರವದಿಂದ ಎಳೆ ತೆಗೆಯಬಹುದಲ್ಲವೇ ಎಂದೂ ಯೋಚಿಸಿದರು. ನಮ್ಮ ಅಡುಗೆಮನೆಯ ಶಾವಿಗೆ ಒತ್ತುವುದನ್ನು ನೆನಪಿಸಿಕೊಳ್ಳಿ. ಹದವಾದ ಹಿಟ್ಟು, ತೂತಿನ ಬಿಲ್ಲೆ, ಮೇಲಿಂದ ಒತ್ತಡ. ಹಿಟ್ಟು ನೀರಾದರೆ ಎಳೆ ನಿಲ್ಲುವುದಿಲ್ಲ, ಗಟ್ಟಿಯಾದರೆ ತೂತು ದಾಟುವುದಿಲ್ಲ. ಕೃತಕ ರೇಷ್ಮೆಯ ಸಮಸ್ಯೆಯೂ ಇದೇ. ಎಳೆ ಹೊರಬಂದ ಕ್ಷಣವೇ ಗಟ್ಟಿಯಾಗಬೇಕು, ಆದರೆ ತೂತಿನೊಳಗೆ ಗಟ್ಟಿಯಾಗಬಾರದು. ಅಂಥ ದ್ರವ ಯಾವುದು?

ಚೆಲ್ಲಿದ ಬಾಟಲಿ: ಎಷ್ಟು ನಿಜ?

ಉತ್ತರ ಹತ್ತಿಯಲ್ಲೇ ಇತ್ತು. ಹತ್ತಿ, ಮರ, ಎಲೆ ಎಲ್ಲದರ ಮೈ ಸೆಲ್ಯುಲೋಸ್ ಎಂಬ ವಸ್ತುವಿನದು. ಅದು ನೀರಿನಲ್ಲಿ ಕರಗುವುದಿಲ್ಲ. ಆದರೆ ನೈಟ್ರಿಕ್ ಆಮ್ಲ ಸೇರಿಸಿ ನೈಟ್ರೋಸೆಲ್ಯುಲೋಸ್ ಮಾಡಿದರೆ ಈಥರ್ ಮತ್ತು ಆಲ್ಕೋಹಾಲ್ ಬೆರೆಸಿದ ದ್ರವದಲ್ಲಿ ಕರಗಿ ಜೇನಿನಂತಾಗುತ್ತದೆ. ಇದಕ್ಕೆ ಕೊಲೋಡಿಯನ್ ಎಂದು ಹೆಸರು. ಆ ಕಾಲದ ಫೋಟೋ ಕೋಣೆಗಳಲ್ಲಿ ಗಾಜಿನ ಮೇಲೆ ಹಚ್ಚುತ್ತಿದ್ದದ್ದು ಇದನ್ನೇ.

1878ರ ಸುಮಾರಿಗೆ ಶಾರ್ಡೊನೆ ಅವರ ಫೋಟೋ ಕೋಣೆಯಲ್ಲಿ ಕೊಲೋಡಿಯನ್ ಬಾಟಲಿ ಚೆಲ್ಲಿತು, ಸ್ವಲ್ಪ ಹೊತ್ತಿನ ಮೇಲೆ ಒರೆಸಹೋದಾಗ ಅದು ರೇಷ್ಮೆಯಂಥ ಉದ್ದ ಎಳೆಯಾಗಿ ಎದ್ದು ಬಂತು, ಹೀಗೆ ಕೃತಕ ರೇಷ್ಮೆ ಹುಟ್ಟಿತು ಎಂಬ ಕಥೆ ಬಹಳ ಪ್ರಸಿದ್ಧ. ಬಾಟಲಿ ಚೆಲ್ಲಿದ್ದಿರಬಹುದು. ಆದರೆ ಅಲ್ಲಿಗೇ ಕಥೆ ಮುಗಿಸಿದರೆ ಎರಡು ಸಂಗತಿ ಮರೆಯಾಗುತ್ತವೆ.

ಒಂದು, ಅವರ ಮೊದಲೂ ಈ ದಾರಿ ತುಳಿದವರಿದ್ದರು. ಸ್ವಿಟ್ಜರ್ಲೆಂಡಿನ ಓಡೆಮಾರ್ ಎಂಬುವರು 1855ರಲ್ಲೇ ನೈಟ್ರೋಸೆಲ್ಯುಲೋಸ್ ದ್ರವಕ್ಕೆ ಸೂಜಿ ಅದ್ದಿ ಎಳೆ ತೆಗೆದು ಪೇಟೆಂಟ್ ಪಡೆದಿದ್ದರು. ಇಂಗ್ಲೆಂಡಿನ ಜೋಸೆಫ್ ಸ್ವಾನ್ ವಿದ್ಯುತ್ ಬಲ್ಬಿನ ತಂತಿಗಾಗಿ ಅದೇ ದ್ರವವನ್ನು ತೂತಿನಿಂದ ಒತ್ತಿ ಎಳೆ ಮಾಡಿದ್ದರು. ಅವರ ಪತ್ನಿ ಆ ಎಳೆಯಿಂದ ಹೆಣೆದ ಬಟ್ಟೆ 1885ರಲ್ಲಿ ಪ್ರದರ್ಶನಕ್ಕೂ ಬಂತು. ಆದರೆ ಸ್ವಾನ್ ಅವರ ಗಮನ ಬಲ್ಬಿನ ಮೇಲಿತ್ತು.

ಎರಡು, ಚೆಲ್ಲಿದ ಅಂಟಿಗೂ ಮೊದಲ ಪೇಟೆಂಟಿಗೂ ನಡುವೆ ಆರು ವರ್ಷಗಳ ಕೆಲಸವಿದೆ. ಶಾರ್ಡೊನೆ 1884ರ ಮೇ ತಿಂಗಳಲ್ಲಿ ತಮ್ಮ ವಿಧಾನವನ್ನು ಬರೆದು, ಲಕೋಟೆ ಮುಚ್ಚಿ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದರು. ಅದೇ ವರ್ಷ ಪೇಟೆಂಟ್ ಪಡೆದರು. ಆ ಲಕೋಟೆ ತೆರೆದದ್ದು 1887ರಲ್ಲಿ.

ಮೊದಮೊದಲು ಅವರು ಹಿಪ್ಪುನೇರಳೆ ಎಲೆಯ ತಿರುಳನ್ನೇ ಬಳಸಿದರು ಎನ್ನುತ್ತಾರೆ. ಹುಳು ತಿನ್ನುವುದು ಅದನ್ನೇ ಅಲ್ಲವೇ ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಹುಳು ಎಲೆ ತಿಂದರೂ ಕೊಡುವುದು ಸೆಲ್ಯುಲೋಸ್ ಅಲ್ಲ, ಪ್ರೋಟೀನು. ನಮ್ಮ ಕೂದಲು, ಉಗುರಿನ ಹತ್ತಿರದ ಸಂಬಂಧಿ. ಶಾರ್ಡೊನೆ ತೆಗೆದದ್ದು ಗಿಡದ ಎಳೆ. ಹೊಳಪು ರೇಷ್ಮೆಯದು, ಒಳಗಿನ ವಸ್ತು ಹತ್ತಿಯದು. ಹುಳು ಏನು ಮಾಡುತ್ತದೆ ಎಂಬುದನ್ನಲ್ಲ, ಹೇಗೆ ಮಾಡುತ್ತದೆ ಎಂಬುದನ್ನು ಅವರು ನಕಲು ಮಾಡಿದರು. ಈ ಮಾತನ್ನು ನೆನಪಿನಲ್ಲಿಡಿ, ಜೇಡದ ನೂಲಿನ ಹತ್ತಿರ ಬಂದಾಗ ಬೇಕಾಗುತ್ತದೆ.

ಹೊಳಪಿನ ಹಿಂದಿನ ಬೆಂಕಿ

1889ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಐಫೆಲ್ ಗೋಪುರ ಕಟ್ಟಿದ್ದು ಇದೇ ಪ್ರದರ್ಶನಕ್ಕೆ. ಅಲ್ಲಿ ಶಾರ್ಡೊನೆ ತಮ್ಮ ಎಳೆ, ಅದರಿಂದ ನೇಯ್ದ ಬಟ್ಟೆ ಎಲ್ಲವನ್ನೂ ತೋರಿಸಿದರು. ಜನ ಮುಗಿಬಿದ್ದರು, ದೊಡ್ಡ ಬಹುಮಾನವೂ ಬಂತು.

ಆದರೆ ಒಂದು ಭಯ ಉಳಿದಿತ್ತು. ನೈಟ್ರೋಸೆಲ್ಯುಲೋಸ್ ಎಂದರೆ ತುಪಾಕಿ ಮದ್ದಿಗೆ ಬಳಸುವ ಗನ್ ಕಾಟನ್‌ನ ಒಡಹುಟ್ಟು. ಕಿಡಿ ತಾಕಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ದೀಪ, ಒಲೆ ಎಲ್ಲ ತೆರೆದ ಬೆಂಕಿಯೇ ಆಗಿದ್ದ ಕಾಲದಲ್ಲಿ ಅಂಥ ಬಟ್ಟೆ ಉಡುವುದೆಂದರೆ ಏನು ಎಂದು ಯೋಚಿಸಿ. ತಯಾರಿಸುವ ಕಡೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಕೋಣೆಯ ತುಂಬ ಈಥರ್ ಆವಿ.

ಶಾರ್ಡೊನೆ ಇದಕ್ಕೆ ಪರಿಹಾರ ಹುಡುಕಿದರು. ಎಳೆ ಆದಮೇಲೆ ಸಲ್ಫೈಡ್ ದ್ರಾವಣದಲ್ಲಿ ಅದ್ದಿ ನೈಟ್ರೋ ಅಂಶವನ್ನು ತೆಗೆದುಹಾಕುವುದು. ಹೀಗೆ ಮಾಡಿದರೆ ಅದು ಮತ್ತೆ ಬರೀ ಸೆಲ್ಯುಲೋಸ್ ಆಗುತ್ತದೆ, ಹತ್ತಿಯಷ್ಟೇ ಉರಿಯುತ್ತದೆ. ಇದಕ್ಕೆ ತೆತ್ತ ಬೆಲೆ, ಎಳೆಯ ಬಲ ಕಡಿಮೆಯಾದದ್ದು. ಒದ್ದೆಯಾದರಂತೂ ಇನ್ನೂ ಮೆತ್ತಗೆ. 1890ರ ದಶಕದ ಶುರುವಿನಲ್ಲಿ ಬೆಸಾನ್ಸೋದಲ್ಲಿ ಅವರ ಕಾರ್ಖಾನೆ ನಡೆಯತೊಡಗಿತು. ಗಾಜಿನ ಸೂಕ್ಷ್ಮ ತೂತುಗಳಿಂದ ದ್ರವ ಹೊರಬರುತ್ತಿತ್ತು, ಬೆಚ್ಚನೆಯ ಗಾಳಿಯಲ್ಲಿ ಒಣಗಿ ಎಳೆಯಾಗುತ್ತಿತ್ತು. ಮುಂದೆ ಬೆಲ್ಜಿಯಂ, ಹಂಗೇರಿಗಳಲ್ಲೂ ಇದೇ ವಿಧಾನದ ಕಾರ್ಖಾನೆಗಳು ಎದ್ದವು.

ಇಂದಿನ ಆರ್ಟ್ ಸಿಲ್ಕ್ ಸೀರೆಗೆ ಈ ಸ್ಫೋಟಕ ಗುಣ ಇಲ್ಲ, ಹೆದರಬೇಡಿ. ಆದರೆ ಅದು ರೇಯಾನ್ ಆಗಿದ್ದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುವ ಗುಣ ಹಾಗೇ ಇದೆ. ಅಂಥ ಸೀರೆಯನ್ನು ಒಗೆಯುವಾಗ ಹಿಂಡಿ ತಿರುಚಬೇಡಿ.

ಗೆದ್ದದ್ದು ಇನ್ನೊಬ್ಬರ ದಾರಿ

1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಬೇರೆ ವಿಧಾನ ಕಂಡುಹಿಡಿದರು. ಮರದ ತಿರುಳನ್ನು ಕ್ಷಾರ ಮತ್ತು ಕಾರ್ಬನ್ ಡೈಸಲ್ಫೈಡ್‌ನಿಂದ ಕರಗಿಸಿ ಆಮ್ಲದ ತೊಟ್ಟಿಯೊಳಗೆ ಎಳೆ ಬಿಡುವುದು. ಇದೇ ವಿಸ್ಕೋಸ್. ಅಗ್ಗವಾಗಿತ್ತು, ಹೊತ್ತಿ ಉರಿಯುವ ಮದ್ದಿನ ಗೋಜು ಇರಲಿಲ್ಲ. ಕೆಲವೇ ದಶಕಗಳಲ್ಲಿ ಶಾರ್ಡೊನೆ ರೇಷ್ಮೆ ಹಿಂದೆ ಬಿತ್ತು.

ಹಾಗೆಂದು ವಿಸ್ಕೋಸ್ ನಿರಪಾಯಕಾರಿಯಲ್ಲ. ಕಾರ್ಬನ್ ಡೈಸಲ್ಫೈಡ್ ಆವಿ ಉಸಿರಾಡಿದ ಕಾರ್ಮಿಕರಲ್ಲಿ ನರದೌರ್ಬಲ್ಯ, ಬುದ್ಧಿಭ್ರಮೆ ಕಾಣಿಸಿಕೊಂಡದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ನಮ್ಮಲ್ಲೂ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಮರದ ತಿರುಳು ಮತ್ತು ವಿಸ್ಕೋಸ್ ನಾರು ತಯಾರಾಗುತ್ತದೆ. ಅಲ್ಲಿ ತುಂಗಭದ್ರೆ ಮಲಿನವಾಗುತ್ತಿದೆ ಎಂದು 1980ರ ದಶಕದಲ್ಲಿ ಜನ ದೊಡ್ಡ ಹೋರಾಟವನ್ನೇ ಮಾಡಿದರು. ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ಪರಿಸರಸ್ನೇಹಿ ಆಗುವುದಿಲ್ಲ.

ಶಾರ್ಡೊನೆ 1919ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಆಗ ಅವರಿಗೆ 80 ವರ್ಷ. ಒಂದು ಕಾಲಕ್ಕೆ ಮುಚ್ಚಿದ ಲಕೋಟೆ ಒಪ್ಪಿಸಿದ್ದ ಸಂಸ್ಥೆಯೊಳಗೆ 35 ವರ್ಷದ ನಂತರ ಕುರ್ಚಿ ಸಿಕ್ಕಿತು. 1924ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಅಮೆರಿಕದ ಉದ್ಯಮಿಗಳು ಕೃತಕ ರೇಷ್ಮೆ ಎಂಬ ಹೆಸರನ್ನು ಬಿಟ್ಟು ರೇಯಾನ್ ಎಂಬ ಹೊಸ ಹೆಸರನ್ನು ಒಪ್ಪಿಕೊಂಡರು.

ಮೈಸೂರಿಗೆ ತಟ್ಟಿದ ಬಿಸಿ

ಶಾರ್ಡೊನೆ ಹುಟ್ಟಿದ ವರ್ಷವೇ, 1839ರಲ್ಲೇ, ಗುಜರಾತಿನ ನವಸಾರಿಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಹುಟ್ಟಿದ್ದರು. ಸೊರಗಿದ್ದ ಮೈಸೂರು ರೇಷ್ಮೆಯನ್ನು ಎತ್ತಲು ಅವರು ಜಪಾನಿ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿದರು. ಬಸವನಗುಡಿಯ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಉಳಿದದ್ದು ಹಾಗೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು.

ಇಷ್ಟೆಲ್ಲ ಆದಮೇಲೂ 1930ರ ಆಸುಪಾಸಿನಲ್ಲಿ ಹಿಪ್ಪುನೇರಳೆ ಬೆಳೆದ ರೈತ ನೆಲಕಚ್ಚಿದ. ಜಗತ್ತಿನೆಲ್ಲೆಡೆ ಆರ್ಥಿಕ ಕುಸಿತ, ಹೊರಗಿನಿಂದ ಬರುವ ಅಗ್ಗದ ರೇಷ್ಮೆ, ಅದರ ಜೊತೆಗೆ ಇನ್ನೂ ಅಗ್ಗದ ಕೃತಕ ರೇಷ್ಮೆ. ದೇಶದ ರೇಷ್ಮೆಗೆ ರಕ್ಷಣೆ ಬೇಕೇ ಎಂದು 1933ರಲ್ಲಿ ಸುಂಕ ಮಂಡಳಿ ವಿಚಾರಣೆಯನ್ನೇ ನಡೆಸಬೇಕಾಯಿತು. ಪೇಟೆಯಲ್ಲಿ ಬಡವರಿಗೂ ಹೊಳೆಯುವ ಸೀರೆ ಸಿಕ್ಕಿತು, ಹಳ್ಳಿಯಲ್ಲಿ ಹುಳು ಸಾಕಿದವನ ತಟ್ಟೆ ಖಾಲಿಯಾಯಿತು. ಹೊಸ ಎಳೆ ಬಂದಾಗ ಎರಡೂ ಒಟ್ಟಿಗೇ ಆಗುತ್ತವೆ.

ಹಾಗಾದರೆ ಜೇಡದ ನೂಲು?

ಈಗ ಮೊದಲಿನ ಫಾರ್ವರ್ಡ್‌ಗೆ ಬರೋಣ. ಉಕ್ಕಿಗಿಂತ ಐದು ಪಟ್ಟು ಗಟ್ಟಿ ಎಂಬುದು ತೂಕದ ಲೆಕ್ಕ. ಒಂದೇ ದಪ್ಪದ ಎಳೆ ತೆಗೆದುಕೊಂಡರೆ ಒಳ್ಳೆಯ ಉಕ್ಕಿನ ತಂತಿ ಜೇಡದ ನೂಲಿಗೆ ಸಮ, ಕೆಲವೊಮ್ಮೆ ಒಂದು ಕೈ ಮೇಲೆ. ಆದರೆ ಉಕ್ಕು ಸುಮಾರು ಆರು ಪಟ್ಟು ಭಾರ. ಹಾಗಾಗಿ ಒಂದೇ ತೂಕಕ್ಕೆ ಜೇಡ ಗೆಲ್ಲುತ್ತದೆ. ಜೇಡದ ನಿಜವಾದ ಹೆಚ್ಚುಗಾರಿಕೆ ಹಿಗ್ಗಿಯೂ ಹರಿಯದಿರುವುದು.

ಲ್ಯಾಬ್‌ನಲ್ಲಿ ತಯಾರಿಸಿದ್ದೂ ನಿಜ. 2000ದ ಸುಮಾರಿಗೆ ಕೆನಡಾದ ನೆಕ್ಸಿಯಾ ಕಂಪನಿ ಆಡಿಗೆ ಜೇಡದ ವಂಶವಾಹಿ ಸೇರಿಸಿ ಹಾಲಿನಲ್ಲಿ ಜೇಡದ ಪ್ರೋಟೀನು ಬರುವಂತೆ ಮಾಡಹೊರಟಿತು. ದೊಡ್ಡ ಸುದ್ದಿಯಾಯಿತು, ಕೊನೆಗೆ ಕಂಪನಿಯೇ ಬಾಗಿಲು ಹಾಕಿತು. ಪ್ರೋಟೀನು ಕೈಗೆ ಬಂದರೂ ಅದನ್ನು ಜೇಡದಂತೆ ಎಳೆಯಾಗಿಸುವುದು ಸುಲಭವಾಗಲಿಲ್ಲ. ಜೇಡ ನೂಲನ್ನು ಪಿಚಕಾರಿಯಂತೆ ಚಿಮ್ಮುವುದಿಲ್ಲ, ಎಳೆದುಕೊಳ್ಳುತ್ತದೆ. ಹೊಟ್ಟೆಯೊಳಗಿನ ಸಣ್ಣಗಾಗುತ್ತಾ ಹೋಗುವ ನಳಿಕೆಯಲ್ಲಿ ದ್ರವ ಸ್ವಲ್ಪ ಸ್ವಲ್ಪವೇ ಹುಳಿಯಾಗುತ್ತದೆ, ನೀರು ಕಳೆದುಕೊಳ್ಳುತ್ತದೆ, ಎಳೆತಕ್ಕೆ ಸಿಕ್ಕ ಅಣುಗಳು ಬಾಚಿದ ಕೂದಲಿನಂತೆ ಸಾಲಾಗುತ್ತವೆ. ಬಲ ಬರುವುದು ಆ ಸಾಲಿನಿಂದ.

2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಪ್ರೋಟೀನನ್ನು ಹುಳಿ ನೀರಿಗೆ ಬಿಟ್ಟು ಒಂದು ಕಿಲೋಮೀಟರ್ ಉದ್ದದ ಎಳೆ ತೆಗೆದರು. ಜೇಡದ ವಿಧಾನಕ್ಕೆ ಬಹಳ ಹತ್ತಿರದ ಕೆಲಸ. ಆದರೂ ಅಸಲಿ ಜೇಡದ ಎಳೆಯ ಗಟ್ಟಿತನಕ್ಕೆ ಅದು ಸಾಟಿಯಾಗಲಿಲ್ಲ. 2023ರಲ್ಲಿ ಚೀನಾದ ಡೊಂಗುವಾ ವಿಶ್ವವಿದ್ಯಾಲಯದವರು ಬೇರೆ ದಾರಿ ಹಿಡಿದರು. ರೇಷ್ಮೆ ಹುಳುವಿಗೇ ಜೇಡದ ವಂಶವಾಹಿ ಸೇರಿಸಿ, ಹುಳುವೇ ಜೇಡದ ಪ್ರೋಟೀನು ಇರುವ ಎಳೆ ಕೊಡುವಂತೆ ಮಾಡಿದರು. ಆ ಎಳೆ ಬಲದಲ್ಲಿ ಜೇಡದ ಹತ್ತಿರ ಬಂತೆಂದು ಅವರ ಸಂಶೋಧನೆ ಹೇಳುತ್ತದೆ.

ಇಲ್ಲಿ ಒಂದು ಸುತ್ತು ಪೂರ್ತಿಯಾಯಿತು. ಶಾರ್ಡೊನೆ ಹುಳುವಿನ ವಿಧಾನ ಕದ್ದರು, ವಸ್ತು ಬೇರೆ ಇಟ್ಟರು. ಇಂದಿನವರಿಗೆ ವಸ್ತು ಸಿಕ್ಕಿದೆ, ವಿಧಾನ ಪೂರ್ತಿ ಸಿಕ್ಕಿಲ್ಲ. ಅದಕ್ಕೇ ಕೆಲವರು ಎಳೆ ತೆಗೆಯಲು ಬಲ್ಲ ಹಳೆಯ ಕೆಲಸಗಾರನ ಹತ್ತಿರವೇ ಮರಳಿ ಹೋಗಿದ್ದಾರೆ.

ಫಾರ್ವರ್ಡ್ ಒತ್ತುವ ಮೊದಲು

ಜೇಡದ ನೂಲಿನ ಸುದ್ದಿ ಮತ್ತೆ ಬಂದರೆ ಈ ಪ್ರಶ್ನೆ ಕೇಳಿ:

1. ತಯಾರಾದದ್ದು ಪ್ರೋಟೀನೋ, ಎಳೆಯೋ, ಬಟ್ಟೆಯೋ? ಮೂರೂ ಬೇರೆ ಬೇರೆ ಹಂತ.
2. ಗಟ್ಟಿ ಎಂದರೆ ಯಾವ ಲೆಕ್ಕ, ತೂಕದ್ದೋ ದಪ್ಪದ್ದೋ? ಒದ್ದೆಯಾದಾಗಲೂ ಅಷ್ಟೇ ಗಟ್ಟಿಯೇ?
3. ಎಷ್ಟು ತಯಾರಾಗಿದೆ? ಒಂದು ರೀಲು ಲ್ಯಾಬ್‌ನಲ್ಲಿ ಇರುವುದಕ್ಕೂ ಅಂಗಡಿಯಲ್ಲಿ ಸೀರೆ ಇರುವುದಕ್ಕೂ ಬಹಳ ದೂರ.
4. ಅದನ್ನು ತಯಾರಿಸುವವರು ಏನು ಉಸಿರಾಡುತ್ತಾರೆ? ಉಳಿದ ನೀರು ಯಾವ ಹೊಳೆಗೆ ಹೋಗುತ್ತದೆ?

ಅಂಗಡಿಯಲ್ಲಿ ಅಸಲಿ ರೇಷ್ಮೆ ಎಂದು ಬೆಲೆ ಹೇಳಿದರೆ ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲವಿರುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಆರ್ಟ್ ಸಿಲ್ಕ್ ಕೊಂಡರೆ ತಪ್ಪೇನಿಲ್ಲ, ಆದರೆ ಆರ್ಟ್ ಸಿಲ್ಕಿನ ಬೆಲೆಯನ್ನೇ ಕೊಡಿ. ಇಂದು ಆ ಹೆಸರಿನಲ್ಲಿ ಮರದಿಂದ ಬಂದ ರೇಯಾನೂ ಇರಬಹುದು, ಪೆಟ್ರೋಲಿಯಂನಿಂದ ಬಂದ ಪಾಲಿಯೆಸ್ಟರೂ ಇರಬಹುದು. ಯಾವುದು ಎಂದು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು.